ಬಾಲ್ಕನಿಯ ಟವೆಲ್‌ಗಳು

ಫೆಬ್ರವರಿ ೯, ಭಾನುವಾರ

ಪರಮಪೂಜ್ಯ ಅಕ್ಕನವರ ಸನ್ನಿಧಿಗೆ,

ನಿಮ್ಮ ವಿಧೇಯ ತಮ್ಮ ಕೋತಿಯ ಪ್ರಣಾಮಗಳು. ಉತ್ತರ ತಡವಾಯಿತು, ಕ್ಷಮಿಸು. ರಾಜಕಾರ್ಯದ ಒತ್ತಡ. ‘ಬಸ್ಸಿನಿಂದ ನೋಡಿದೆ, ನಮ್ಮ ಲಾಡ್ಜಿನ ಬಾಲ್ಕನಿ ತುಂಬ ಟವೆಲ್, ಮನಸ್ಸಿಗೆ ಸಮಾಧಾನವಾಯಿತು’ ಎಂದು ಬರೆದಿದ್ದೆಯಲ್ಲ, ಆ ಟವೆಲ್ ಖಾತೆಯ ಮಂತ್ರಿ ನಾನೇ. ಬೆಳಗಾದರೆ ಖಾಲಿ ಕೋಣೆಗಳ ಮುಂದೆ ಒದ್ದೆ ಟವೆಲ್ ನೇತುಹಾಕುವುದು, ಮೇಜಿನ ಮೇಲೆ ಅರ್ಧ ಕುಡಿದ ಕಾಫಿ ಲೋಟ ಇಡುವುದು ನನ್ನ ಕೆಲಸ. ಅಪ್ಪ ಯಾರೋ ಬಿಟ್ಟುಹೋದ ಹುಲ್ಲಿನ ಟೋಪಿ, ಕಪ್ಪು ಕನ್ನಡಕ ಏರಿಸಿ, ಮಹಡಿಯಲ್ಲಿ ವಿದೇಶಿ ಅತಿಥಿಯಾಗಿ ಕೂರುತ್ತಾರೆ. ಮೊನ್ನೆ ಕೈಯಲ್ಲಿದ್ದ ಪತ್ರಿಕೆ ತಲೆಕೆಳಗಾಗಿತ್ತು. ಹೇಳಿದೆ. “ವಿದೇಶಿಯಲ್ವೇನೋ, ನಮ್ಮ ಲಿಪಿ ಅವನಿಗೆಲ್ಲಿ ಬರುತ್ತೆ?” ಎಂದರು.

ಜನ ಇದ್ದ ಕಡೆಗೆ ಜನ ಬರುತ್ತಾರೆಂಬುದು ಅವರ ಅರ್ಥಶಾಸ್ತ್ರ. ಈ ಸೀಸನ್ನಿನಲ್ಲಿ ಬಂದವರು ಮಾತ್ರ ಯಾರೂ ಇಲ್ಲ. ದೇಶಕ್ಕೆ ಹಿಂದೆಂದೂ ಕಾಣದಷ್ಟು ಪ್ರವಾಸಿಗರು ಬಂದಿದ್ದಾರೆಂದು ಪತ್ರಿಕೆಯಲ್ಲಿತ್ತು. ಅಮ್ಮ ಓದಿ, “ಎಲ್ಲಿದ್ದಾರೋ? ಮಂಚದ ಕೆಳಗೇನಾದ್ರೂ ಇದ್ದಾರಾ ನೋಡು” ಎಂದಳು. ನೋಡಿದೆ. ನಿನ್ನ ಹಳೆಯ ಚಪ್ಪಲಿ ಇತ್ತು.

ಅವರೆಲ್ಲ ನೀನು ಗೈಡಾಗಿರುವ ಬಸ್ಸಿನಲ್ಲಿದ್ದಾರೆ. ಮಲಗುವುದು, ತಿನ್ನುವುದು, ಸುತ್ತುವುದು, ಎಲ್ಲಕ್ಕೂ ತಮ್ಮ ದೇಶದಲ್ಲೇ ದುಡ್ಡು ಕಟ್ಟಿ ನಿಮ್ಮ ದೊಡ್ಡ ಹೋಟೆಲಿಗೆ ಇಳಿಯುತ್ತಾರೆ. ನಮ್ಮೂರನ್ನು ಗಾಜಿನೊಳಗಿಂದಲೇ ನೋಡಿ ಊಟದ ಹೊತ್ತಿಗೆ ವಾಪಸು. “ಅವರ ಒಂದು ಕೂದಲೂ ಇಲ್ಲಿ ಉದುರಲ್ಲ ಕಣೋ” ಎಂದು ಕ್ಷೌರದಂಗಡಿಯವನು ಕನ್ನಡಿಯೊಡನೆ ಜಗಳವಾಡುತ್ತಿದ್ದ. ದೋಣಿಯವನು ದೋಣಿಯನ್ನೇ ನಿಮ್ಮ ಹೋಟೆಲಿಗೆ ಮಾರಿದ. ಅದನ್ನು ಅಂಗಳದಲ್ಲಿಟ್ಟು ಹೂಗಿಡ ಬೆಳೆಸಿದ್ದಾರಂತೆ, ನಿಜವೇ?

ಇನ್ನು ಮುಖ್ಯ ವಾರ್ತೆ. ನಮ್ಮ ಲಾಡ್ಜನ್ನೂ ನಿಮ್ಮ ಹೋಟೆಲೇ ಕೊಳ್ಳುತ್ತಿದೆ. ಮ್ಯಾನೇಜರ್ ಬಂದು, ಕಲ್ಲಂಗಡಿ ಹಣ್ಣು ಆರಿಸುವವರಂತೆ ಗೋಡೆ ತಟ್ಟಿ ನೋಡಿದರು.

“ಕಟ್ಟಡ ಗಟ್ಟಿಯಿದೆ ಯಜಮಾನ್ರೇ. ಲಾಂಡ್ರಿಗೆ ಹೇಳಿ ಮಾಡಿಸಿದ ಹಾಗಿದೆ.”

“ಲಾಂಡ್ರಿನಾ?”

“ಹೂಂ. ನಮ್ಮ ಹೋಟ್ಲಿನ ಟವೆಲ್ಲು, ಹಾಸಿಗೆ ಬಟ್ಟೆ ಎಲ್ಲ ಇಲ್ಲೇ ಒಗೆದು ಒಣಗಿಸೋದು.”

ನಗು ತಡೆಯಲಾಗದೆ ನಾನು ಉಗ್ರಾಣಕ್ಕೆ ಓಡಿದೆ. ಅಲ್ಲಿ ಹೋದ ಮೇಲೆ ಯಾಕೋ ನಗು ಬರಲಿಲ್ಲ. ಹೊರಗೆ ಬರುವಷ್ಟರಲ್ಲಿ ಅಪ್ಪ ಸಹಿ ಹಾಕಿ, ಮ್ಯಾನೇಜರಿಗೆ ನನ್ನನ್ನು ತೋರಿಸುತ್ತಿದ್ದರು. “ಇವನಿಗೊಂದು ಕೆಲಸ ಕೊಡಿ ಸಾರ್. ಟವೆಲ್ ಹರವೋದ್ರಲ್ಲಿ ಇವನ ಕೈ ಚೆನ್ನಾಗಿ ಪಳಗಿದೆ.”

ಈ ತಿಂಗಳ ಕೊನೆಗೆ ಬಿಟ್ಟುಕೊಡಬೇಕು. ಹಿಂದಿನ ಎರಡು ಕೋಣೆ ನಮಗೇ ಇರುತ್ತವೆ, ಗಾಬರಿಯಾಗಬೇಡ. ಅಮ್ಮ ಹಳೆಯ ಬೋರ್ಡನ್ನು ಒರೆಸಿ ಒಳಗಿಟ್ಟಿದ್ದಾಳೆ.

ದಿನವಿಡೀ ಮೈಕಿನಲ್ಲಿ ಕೂಗುವವಳು ನೀನು, ಗಂಟಲು ಜೋಪಾನ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಸಕಲ ಸನ್ಮಂಗಳವಾಗಲೆಂದು ಟವೆಲ್ ಖಾತೆ ಹಾರೈಸುತ್ತದೆ.

ಇಂತು ನಿನ್ನ,
ಕೋತಿ

ತಾ.ಕ.: ಇದನ್ನು ನಿನಗೆ ಹೇಳಬಾರದೆಂದು ಅಪ್ಪ ಆಣೆ ಹಾಕಿಸಿಕೊಂಡಿದ್ದಾರೆ. ಬರೆಯಬಾರದೆಂದು ಹೇಳಿಲ್ಲ. ಅತಿಥಿಗಳು ಬರುವುದಿದ್ದರೆ ಬಸ್‌ಸ್ಟ್ಯಾಂಡಿನ ಕಡೆಯಿಂದ ಬರಬೇಕು. ನಾವು ಟವೆಲ್ ಹಾಕುವುದು ಗುಡ್ಡದ ರಸ್ತೆಯ ಕಡೆಗೆ ಮಾತ್ರ. ಆ ರಸ್ತೆಯಲ್ಲಿ ಹೋಗುವುದು ನಿನ್ನ ಬಸ್ಸೊಂದೇ. ಯಾಕೆ ಹೀಗೆಂದು ಕೇಳಿದ್ದಕ್ಕೆ ಅಪ್ಪ ಹೇಳಿದರು: “ಹೋಗೋವಾಗ ಏನಂದ್ಳು? ‘ಈ ಲಾಡ್ಜಿಗೆ ಇನ್ಯಾರು ಬರ್ತಾರಪ್ಪಾ’ ಅಂದ್ಳಲ್ಲ. ಚೆನ್ನಾಗಿ ನಡೀತಿದೆ ಅಂದ್ಕೊಳ್ಳಲಿ. ಇಲ್ದಿದ್ರೆ ಇರೋ ಕೆಲಸಾನೂ ಬಿಟ್ಟು ಬಂದ್ಬಿಡ್ತಾಳೆ.”

ಬಸ್ಸು ತಿರುವಿಗೆ ಬಂದರೆ ಸಾಕು, ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. “ಕೈ ಬೀಸಿ ಅಪ್ಪ” ಎಂದರೆ, “ಹುಚ್ಚಪ್ಪಾ, ಅತಿಥಿ ಯಾರಾದ್ರೂ ಗೈಡಿಗೆ ಕೈ ಬೀಸ್ತಾನಾ? ಗೊತ್ತಾಗಿಬಿಡುತ್ತೆ” ಎಂದು ಗದರುತ್ತಾರೆ. ಬಸ್ಸಿನ ಆ ಕಪ್ಪು ಗಾಜಿನ ಹಿಂದೆ ನೀನೆಲ್ಲಿ ನಿಂತಿದ್ದೀಯೋ ನಮಗೆ ಕಾಣುವುದೇ ಇಲ್ಲ.

ತಿಂಗಳ ಕೊನೆಯವರೆಗೂ ಟೋಪಿಯವರು ಅಲ್ಲೇ ಇರುತ್ತಾರೆ. ಬಸ್ಸಿನ ಬಾಗಿಲ ಬಳಿ ಬಂದು ನಿಂತು ನೀನೇ ಕೈ ಬೀಸು. ಗೈಡು ಅತಿಥಿಗೆ ಬೀಸಬಹುದಲ್ಲ.