ನಿಮ್ಮಪ್ಪನ ಅಮೆರಿಕದ ಕಾರು

ಮಂಗಳವಾರ, ಮಾರ್ಚ್ ೧೪

ಪ್ರೀತಿಯ ಮಗಳಿಗೆ,

ಅಮ್ಮನ ಆಶೀರ್ವಾದಗಳು. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆಂದು ಆಶೀರ್ವಾದದಲ್ಲಿ ಏನೂ ಕಡಿಮೆ ಮಾಡಿಲ್ಲ, ಪೂರ್ತಿ ತೆಗೆದುಕೋ. ನಿಮ್ಮಪ್ಪ ಕ್ಷೇಮ, ಅವರ ಕಾರು ಕ್ಷೇಮ, ನನ್ನ ತಲೆ ಮಾತ್ರ ಚಿಟ್ಟು ಹಿಡಿದಿದೆ. ಕಾಗದ ತಡವಾಯಿತು ಎಂದು ಬೇಸರ ಮಾಡಿಕೊಳ್ಳಬೇಡ. ಬರೆಯೋಣವೆಂದು ಕೂತಾಗಲೆಲ್ಲ ಷೆಡ್ಡಿನಿಂದ "ಏ ಇವಳೇ, ಸ್ವಲ್ಪ ಹಿಡ್ಕೋ ಬಾ" ಎಂಬ ಕೂಗು ಬರುತ್ತದೆ. ಒಂದು ನಿಮಿಷವೆಂದು ಹೋದವಳು ಊಟದ ಹೊತ್ತಿಗೆ ವಾಪಸು ಬರುತ್ತೇನೆ, ಮೈಯೆಲ್ಲ ಗ್ರೀಸು. ಫೋನು ಮಾಡಿದರೆ ನೀನು ಎರಡು ಸಲ "ಹೂಂ" ಅಂದು ಇಟ್ಟುಬಿಡುತ್ತೀಯ, ಪಕ್ಕದಲ್ಲಿ ಅವರು ಪೇಪರು ಓದುವವರ ಹಾಗೆ ಕಿವಿ ನೆಟ್ಟು ಕೂತಿರುತ್ತಾರೆ. ಅದಕ್ಕೇ ಕಾಗದ.

ನೀನು ಮನೆಗೆ ಬಂದು ವರ್ಷವಾಗುತ್ತ ಬಂತು. ಯಾಕೆ ಬರುತ್ತಿಲ್ಲ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ನೀನು ಗ್ರಂಥಾಲಯದ ಮುಖ್ಯಸ್ಥೆಯಾದ ಮೊದಲ ದಿನ, ನಿನ್ನ ಕೈಕೆಳಗೆ ಕೆಲಸ ಮಾಡುವವರೆಲ್ಲ ಬಾಗಿಲಲ್ಲಿ ಕಾದು ನಿಂತಿದ್ದರು. ಗಾಲಿಕುರ್ಚಿ ಇಳಿಸುವವರೆಗೆ ತಾಳಿ ಎಂದು ನೀನು ಹೇಳುತ್ತಿದ್ದರೂ ಕೇಳದೆ ನಿಮ್ಮಪ್ಪ ನಿನ್ನನ್ನು ವ್ಯಾನಿನಿಂದ ಎತ್ತಿಕೊಂಡು ಮೆಟ್ಟಿಲು ಹತ್ತಿಯೇ ಬಿಟ್ಟರು. ನಿನಗೆ ನಾಲ್ಕು ವರ್ಷವಾಗಿದ್ದಾಗ ಕಾಯಿಲೆ ಬಂದು ಕಾಲು ಸೋತಿತಲ್ಲ, ಅಂದಿನಿಂದ ಎತ್ತಿಕೊಂಡ ಹಾಗೆಯೇ. ಅವತ್ತು ಸಂಜೆ ನೀನು ಅವರಿಗೆ, "ಅಪ್ಪ, ನಾನು ಮೂಟೆ ಅಲ್ಲ. ಇನ್ಮೇಲೆ ನನ್ನನ್ನ ಕರ್ಕೊಂಡು ಹೋಗೋಕೆ ನೀವು ಬರಬೇಡಿ" ಎಂದೆ. ನಾನು ಅಲ್ಲೇ ಇದ್ದೆ. ನೀನು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಅವರು ಬರಬಾರದು ಎಂದವಳು ನೀನೂ ಬರುವುದನ್ನೇ ಬಿಟ್ಟರೆ ಏನು ಹೇಳಲಿ? ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತಾರೆ. ನೀನು ನನ್ನಂತೆ ಎಲ್ಲಿದ್ದೀಯ, ಹಟದಲ್ಲಿ ಅಪ್ಪನದೇ ಅಚ್ಚು.

ಅದಾಗಿ ಸ್ವಲ್ಪ ದಿನಕ್ಕೆ ಈ ಕಾರು ಬಂತು. ಬಸ್ ಡಿಪೋದ ವರ್ಕ್‌ಶಾಪಿನಿಂದ ನಿವೃತ್ತರಾದ ಮೇಲೆ ಇವರು ಮನೆಯಲ್ಲಿ ಸುಮ್ಮನೆ ಕೂರುತ್ತಾರೆ ಅಂತ ನಾನು ನಂಬಿದ್ದೆ, ನನಗೆ ಬುದ್ಧಿ ಇಲ್ಲ. ಯಾವುದೋ ಮುಚ್ಚಿದ ಹೋಟೆಲಿನ ಹಿತ್ತಲಲ್ಲಿ ಬಿದ್ದಿದ್ದ ಹಳೇ ಅಮೆರಿಕದ ಸೆಡಾನ್ ಕಾರನ್ನು ಲಾರಿಯ ಹಿಂದೆ ಕಟ್ಟಿ ಎಳೆಸಿಕೊಂಡು ಬಂದರು. ನಮ್ಮ ಅಡುಗೆಮನೆಗಿಂತ ಉದ್ದವಿದೆ. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು, ಕೋಳಿಯೂ ಅಲ್ಲೇ ಇತ್ತು. ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ ಎಂಬ ಗಾದೆ ಮಾಡಿದವರು ಇವರನ್ನು ನೋಡಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಹಾಗೇ ಇದೆ.

ಇದು ಯಾಕೆ ಎಂದು ಕೇಳಿದೆ. ಮುಂದಿನ ಬಾಗಿಲು ತೆಗೆದು ತೋರಿಸಿದರು. ಮುಂದೆ ಎರಡು ಬೇರೆಬೇರೆ ಸೀಟಿಲ್ಲ, ಬೆಂಚಿನ ಹಾಗೆ ಒಂದೇ ಉದ್ದ ಸೀಟು. ಮಧ್ಯದಲ್ಲಿ ಗೇರಿನ ಕಡ್ಡಿ ಇಲ್ಲ, ಅದು ಸ್ಟೀರಿಂಗಿನ ಪಕ್ಕದಲ್ಲೇ ಇದೆ. ಕ್ಲಚ್ಚೂ ಇಲ್ಲ, ಗೇರು ತಾನೇ ಬದಲಾಗುತ್ತದಂತೆ. ಬಾಗಿಲೋ, ಬೀರು ಹಿಡಿಸುವಷ್ಟು ಅಗಲ. "ಕುರ್ಚಿಗೂ ಸೀಟಿಗೂ ಒಂದು ಹಲಗೆ ಹಾಕಿದ್ರೆ ಅದರ ಮೇಲೆ ಜಾರಿ ಅವಳೇ ಬಂದು ಕೂತ್ಕೋಬಹುದು, ಯಾರೂ ಮುಟ್ಟೋ ಹಾಗಿಲ್ಲ" ಎಂದರು. ಬೈಯಬೇಕೆಂದು ಹೋದವಳು ಕೋಳಿಯನ್ನು ಓಡಿಸಿ ಬಂದೆ.

ಆಮೇಲೆ ಶುರುವಾಯಿತು ನೋಡು ರಾಮಾಯಣ. ಪಕ್ಕದ ಬೀದಿಯ ವೆಲ್ಡರು, ನೀನೇ ಬೆಂಕಿಪೊಟ್ಟಣ ಎಂದು ಹೆಸರಿಟ್ಟವನು, ಪಾಲುದಾರನಾದ. ನಿಮ್ಮಪ್ಪನಿಗೆ ಕಾರು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೇ ಆಗಬೇಕು. ಒಂದು ಸ್ಕ್ರೂ ಹೊಸದಾಗಿ ಹೊಳೆದರೂ ಮುಖ ಸಿಂಡರಿಸುತ್ತಾರೆ. ಬೆಂಕಿಪೊಟ್ಟಣನಿಗೆ ಬಾನೆಟ್ಟಿನ ಮೇಲೆ ಜ್ವಾಲೆ ಬರೆಸಬೇಕು, ಹೊಟ್ಟೆ ನೆಲ ಮುಟ್ಟುವ ಹಾಗೆ ಕಾರನ್ನು ತಗ್ಗಿಸಬೇಕು. ಎತ್ತು ಏರಿಗೆ, ಕೋಣ ನೀರಿಗೆ. ಇಬ್ಬರೂ ಮಾತು ಬಿಟ್ಟು, ಒಂದೇ ಕಾರಿನ ಆ ಕಡೆ ಒಬ್ಬರು ಈ ಕಡೆ ಒಬ್ಬರು ಕೆಲಸ ಮಾಡುತ್ತ, ನಡುವೆ ಇದ್ದ ನನ್ನ ಮೂಲಕ ಸ್ಪ್ಯಾನರು ಕೇಳುತ್ತಿದ್ದರು. ಕೊನೆಗೆ ಗೆದ್ದವನು ಬೆಂಕಿಪೊಟ್ಟಣನೇ. ಸೀಟು ನಿನ್ನ ಕುರ್ಚಿಗಿಂತ ಎತ್ತರವಾಗಿತ್ತು, ಜಾರಿಕೊಂಡು ಹೋಗಬೇಕಾದವಳು ಬೆಟ್ಟ ಹತ್ತಬೇಕಿತ್ತು. ಸ್ಪ್ರಿಂಗು ತಗ್ಗಿಸದೆ ದಾರಿ ಇರಲಿಲ್ಲ. ಜ್ವಾಲೆ ಮಾತ್ರ ಬೇಡವೆಂದು ನಾನೇ ಕೈ ಮುಗಿದೆ.

ಸೀಟಿನ ಹೊಲಿಗೆ ನನ್ನ ಪಾಲಿಗೆ ಬಂತು. ಇಷ್ಟು ವರ್ಷ ಊರವರ ಸೋಫಾ ಹೊಲಿದವಳಿಗೆ ಇದೇನು ಮಹಾ ಎಂದುಕೊಂಡೆ. ಪಕ್ಕದಲ್ಲಿ ಕೂರುವವಳ ಬೆನ್ನಿಗೆ ಇಷ್ಟು ಒತ್ತು, ಸೊಂಟಕ್ಕೆ ಇಷ್ಟು ಅಂತ ಅವರು ಹೇಳುವುದು, ನಾನು ಹೊಲಿಯುವುದು, ಅವರು ಕೂತು ನೋಡಿ ತಲೆಯಾಡಿಸುವುದು, ನಾನು ಬಿಚ್ಚುವುದು. ನನ್ನ ಹೊಲಿಗೆ ಯಂತ್ರಕ್ಕೆ ಬಾಯಿದ್ದಿದ್ದರೆ ನಿನಗೆ ಅದೂ ಒಂದು ಕಾಗದ ಬರೆಯುತ್ತಿತ್ತು.

ಬುಧವಾರ ಬೆಳಿಗ್ಗೆ

ನಿನ್ನೆ ಇಲ್ಲಿಯವರೆಗೆ ಬರೆಯುವಷ್ಟರಲ್ಲಿ ಮತ್ತೆ ಕೂಗು ಬಂತು, ಹೋದೆ. ಬರೆಯಲೇಬೇಕಾದ ವಿಷಯ ಇನ್ನೂ ಬರೆದಿಲ್ಲ.

ಹೋದ ತಿಂಗಳು ಎಲ್ಲ ಮುಗಿಯಿತು ಎಂದರು. ಸಮುದ್ರದ ಹಸಿರು ಬಣ್ಣ, ಕನ್ನಡಿಯಂಥ ಬಂಪರು. ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ಪರೀಕ್ಷೆ ಮಾಡಬೇಕಲ್ಲ, ನನ್ನನ್ನೇ ಹಿಡಿದರು. ನಿನ್ನ ಹಳೇ ಗಾಲಿಕುರ್ಚಿಯಲ್ಲಿ ಕೂರಿಸಿ ಎರಡೂ ಕಾಲನ್ನು ಟವೆಲಿನಿಂದ ಬಿಗಿದು ಕಟ್ಟಿ, ಕಾಲು ಬಳಸದೆ ಒಳಗೆ ಹೋಗು ನೋಡೋಣ ಎಂದರು. ನನ್ನ ಗಾತ್ರ ನಿನಗೆ ಗೊತ್ತು. ಕುರ್ಚಿಯಿಂದ ಹಲಗೆಗೆ, ಹಲಗೆಯಿಂದ ಸೀಟಿಗೆ, ಉಸ್ಸಪ್ಪಾ ಎಂದು ಹೋಗಿ ಕೂತೆ. ಬೆಂಕಿಪೊಟ್ಟಣ ಗೋಡೆ ಕಡೆ ತಿರುಗಿ ನಗುತ್ತಿದ್ದ. ಆದರೆ ಒಂದು ಮಾತು ಹೇಳುತ್ತೇನೆ. ನಿನ್ನ ದಿನ ಹೇಗಿರುತ್ತದೆ ಎಂದು ನನಗೆ ಅರ್ಧ ಗಂಟೆಯಲ್ಲಿ ತಿಳಿದಷ್ಟು ಇಪ್ಪತ್ತೆಂಟು ವರ್ಷ ಹತ್ತಿರವಿದ್ದೂ ತಿಳಿದಿರಲಿಲ್ಲ. ಒಳಗೆ ಹೋಗಿ ಕೂತಾಗ ಆದ ಖುಷಿಯೂ ಅಷ್ಟೇ, ಯಾರೂ ನನ್ನನ್ನು ಹಿಡಿದಿರಲಿಲ್ಲ.

ಹಾಗೆ ಕೂತು ಎದುರಿಗೆ ನೋಡಿದೆ. ಎದುರಿಗೆ ಏನೂ ಇಲ್ಲ. ಸ್ಟೀರಿಂಗು ಪಕ್ಕದಲ್ಲಿದೆ, ಅದರ ಹಿಂದೆ ನಿಮ್ಮಪ್ಪ ರಾಜನ ಹಾಗೆ ಬಂದು ಕೂರುತ್ತಿದ್ದಾರೆ. ಹಲಗೆ, ತಗ್ಗಿಸಿದ್ದು, ಬಾಗಿಲು ಪೂರ್ತಿ ತೆರೆಯಲೆಂದು ಬದಲಿಸಿದ ಕೀಲು, ನನ್ನ ಹೊಲಿಗೆ, ಎಲ್ಲವೂ ಪಕ್ಕದ ಸೀಟಿಗೆ. ವರ್ಷವಿಡೀ ಇಷ್ಟು ಕೆಲಸ ನಡೆದರೂ ನಮ್ಮ ಮೂವರಲ್ಲಿ ಒಬ್ಬರ ತಲೆಗೂ ಇದು ಹೊಳೆದಿರಲಿಲ್ಲ.

"ರೀ, ಇದನ್ನ ಓಡಿಸೋರು ಯಾರು?" ಎಂದೆ.

"ನಾನೇ. ಇನ್ಯಾರು?"

"ಹಾಗಾದ್ರೆ ಎತ್ಕೊಂಡು ತಿರುಗೋದು ಬಿಟ್ಟು ಕೂರಿಸ್ಕೊಂಡು ತಿರುಗ್ತೀರಿ. ಅಷ್ಟೇ ತಾನೆ?"

ಅವರು ನನ್ನ ಕಾಲಿನ ಟವೆಲು ಬಿಚ್ಚುವುದನ್ನೂ ಮರೆತು ಎದ್ದು ಹೋದರು, ಬೆಂಕಿಪೊಟ್ಟಣ ಬಂದು ಬಿಚ್ಚಿದ. ಮಧ್ಯಾಹ್ನ ಊಟ ಮಾಡಲಿಲ್ಲ. ಹೀಗೆ ಒರಟಾಗಿ ಹೇಳಬಾರದಿತ್ತೇನೋ ಎಂದು ನನಗೂ ಅನ್ನಿಸಿತು, ಆದರೆ ಹೇಳಿದ್ದು ನಿನ್ನ ಮಾತನ್ನೇ. ಮಾರನೇ ದಿನ ಬೆಳಿಗ್ಗೆ ಷೆಡ್ಡಿಗೆ ಹೋಗಿ ನೋಡಿದರೆ, ನನ್ನ ಸೀಟಿನ ಹೊಲಿಗೆಯನ್ನೆಲ್ಲ ತಾವೇ ಬ್ಲೇಡಿನಿಂದ ಬಿಚ್ಚುತ್ತ ಕೂತಿದ್ದಾರೆ. "ಆ ಕಡೆಗೆ ಹೊಲಿದುಕೊಡು" ಎಂದರು. ಅಷ್ಟೇ.

ಈಗ ಎಲ್ಲ ಸ್ಟೀರಿಂಗಿನ ಕಡೆಗೆ ಬಂದಿದೆ. ಬಾಗಿಲಿನ ಕೀಲು ಮತ್ತೆ ಮಾಡಿಸಿದರು. ಕಾಲಿನ ಕೆಲಸಕ್ಕೆ ಸ್ಟೀರಿಂಗಿನ ಕೆಳಗೊಂದು ಹಿಡಿ ಕೂರಿಸಿದ್ದಾರೆ, ತಳ್ಳಿದರೆ ಬ್ರೇಕು, ಎಳೆದರೆ ಓಟ. ಕುರ್ಚಿಯನ್ನು ಮಡಚಿ ಕೊಕ್ಕೆಗೆ ಹಾಕಿದರೆ ಹಳೇ ಬಸ್ಸಿನ ಬಾಗಿಲ ಮೋಟಾರು ಅದನ್ನು ಹಿಂದಿನ ಸೀಟಿಗೆ ಎಳೆದುಕೊಳ್ಳುತ್ತದೆ. ಇವರ ಕಾರ್ಖಾನೆ ದಿನದ ಕಾರು ಹೋಯಿತು, ಅದರ ಬಗ್ಗೆ ಒಂದು ನಿಟ್ಟುಸಿರೂ ಬಿಟ್ಟಿಲ್ಲ. ಆದರೆ ಈಗ ಎಲ್ಲವೂ ನಿಂತಿದೆ. ಆ ಹಿಡಿ ಎಷ್ಟು ದೂರದಲ್ಲಿರಬೇಕು ಎನ್ನುವುದು ನಿನ್ನ ತೋಳಿನ ಉದ್ದದ ಮೇಲೆ ಹೋಗುತ್ತದೆ, ನನ್ನದು ಗಿಡ್ಡ. ನಿನ್ನನ್ನು ಕೇಳಿ ಎಂದರೆ "ಬರಬೇಡಿ ಅಂದಿದ್ದಾಳೆ" ಎನ್ನುತ್ತಾರೆ. ಫೋನಿನಲ್ಲಿ ಕಾರಿನ ಮಾತೆತ್ತಿದರೆ ನೀನು "ನನಗೆ ಕಾರು ಬೇಡ" ಎನ್ನುತ್ತೀಯ. ಬೆಕ್ಕಿಗೆ ಗಂಟೆ ಕಟ್ಟಲು ನಾನೊಬ್ಬಳು ಸಿಕ್ಕಿದ್ದೇನೆ, ನಿಮ್ಮಿಬ್ಬರಿಗೂ.

ಕಾಗದದಲ್ಲಿ ಅಳತೆ ಬರೆದು ಕಳಿಸಿ ಕೈ ತೊಳೆದುಕೊಳ್ಳಬೇಡ, ನಾನು ಅದನ್ನು ಅವರಿಗೆ ಕೊಡುವುದಿಲ್ಲ. ನೀನೇ ಬಾ. ಬಾಡಿಗೆ ವ್ಯಾನಿನಲ್ಲಿ ಬಾ, ಯಾರನ್ನಾದರೂ ಕರೆದುಕೊಂಡು ಬಾ, ಬಂದು ಜಗಳ ಬೇಕಾದರೂ ಆಡು. ಅವರು ಗೇಟಿನ ಹತ್ತಿರ ಸುಮ್ಮನೆ ನಿಂತಿರುತ್ತಾರೆ, ಆ ಜವಾಬ್ದಾರಿ ನನ್ನದು. ಕಾರು ಇಷ್ಟವಾಗದಿದ್ದರೆ ಮುಖಕ್ಕೆ ಹೇಳಿಬಿಡು. ಕೋಳಿಯನ್ನು ವಾಪಸು ಕರೆಸುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗೆ ಸದಾ ಬಲವಿರಲಿ, ಹೋಗಬೇಕೆಂದ ಕಡೆಗೆಲ್ಲ ನಿನಗೆ ದಾರಿ ಸಿಗಲಿ.

ಸಾಕಾಗಿ ಹೋಗಿರುವ,
ನಿನ್ನ ಅಮ್ಮ

ಮರೆತಿದ್ದು: ಮರೆತಿರಲಿಲ್ಲ, ಬರೆಯಬಾರದು ಎಂದುಕೊಂಡಿದ್ದೆ. ನಾನು ಹೇಳಿದೆನೆಂದು ಅವರಿಗೆ ಹೇಳಬೇಡ. ಗ್ರಂಥಾಲಯದ ಆ ದಿನಕ್ಕೆ ಹಿಂದಿನ ವಾರ ನಿಮ್ಮಪ್ಪ ಡಾಕ್ಟರ ಹತ್ತಿರ ಹೋಗಿದ್ದರಂತೆ. ಬೆನ್ನಿನ ಮೂಳೆ ಸವೆದಿದೆ, ತುಂಬಿದ ಬಕೆಟ್ಟನ್ನೂ ಎತ್ತಕೂಡದು, ಮಗಳನ್ನು ಎತ್ತಿದರೆ ನೀವೂ ಬೀಳುತ್ತೀರಿ, ಅವಳನ್ನೂ ಬೀಳಿಸುತ್ತೀರಿ ಎಂದರಂತೆ. ಅದನ್ನು ನನಗೂ ಹೇಳದೆ ಇಟ್ಟುಕೊಂಡಿದ್ದರು, ಮೊನ್ನೆ ಭಾನುವಾರ ಬಾಯಿ ಬಿಟ್ಟರು. ಹಾಗಿದ್ದ ಮೇಲೆ ಅವತ್ತು ಯಾಕೆ ಎತ್ತಿದಿರಿ, ಅವಳು ಬೇಡ ಬೇಡ ಎನ್ನುತ್ತಿದ್ದಳಲ್ಲ ಎಂದು ಕೇಳಿದೆ. ಕೈಯ ಗ್ರೀಸು ಒರೆಸಿಕೊಳ್ಳುತ್ತ ಹೇಳಿದರು, "ಅದೇ ಕೊನೇ ಸಲ ಅಂತ ಅವಳಿಗೆ ಗೊತ್ತಿರಲಿಲ್ಲ ಕಣೇ. ನನಗೆ ಗೊತ್ತಿತ್ತು."