ಆ ಹುಡುಗಿ ಜಾರಿ ಬೀಳಲಿಲ್ಲ, ನಿರ್ದೇಶಕರೇ

ಪೋಷಕರ ಭಾವನೆಗಳನ್ನು ಅತಿಯಾಗಿ ಗೌರವಿಸುವ ಶಾಲಾ ಶಿಕ್ಷಣ ನಿರ್ದೇಶಕರೇ,

ನಾನೂ ಒಬ್ಬ ಪೋಷಕ. ತಾವು ಗೌರವಿಸಿದ ಭಾವನೆಗಳಲ್ಲಿ ನನ್ನದೂ ಒಂದಿತ್ತು. ಆ ಗೌರವದ ಫಲವಾಗಿ ನಮ್ಮ ಶಾಲೆಯ ಹತ್ತನೇ ತರಗತಿಯ ಹುಡುಗಿಯೊಬ್ಬಳ ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಮುರಿದವನು ನನ್ನ ಮಗ. ತಮ್ಮ ಕಡತದಲ್ಲಿ ಈ ಘಟನೆಗೆ 'ಮಕ್ಕಳ ನಡುವಿನ ಸಣ್ಣ ಮನಸ್ತಾಪ' ಎಂದು ನಾಮಕರಣವಾಗಿದೆ. ಮಣಿಕಟ್ಟು ಮುರಿಯುವುದು ಸಣ್ಣ ಮನಸ್ತಾಪವಾದರೆ ದೊಡ್ಡದಕ್ಕೆ ಇಲಾಖೆಯ ಅಳತೆ ಯಾವುದು? ಕುತ್ತಿಗೆಯೇ?

ತಮಗೆ ನೆನಪಿರಲಾರದು, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ನಮ್ಮ ಶಾಲೆಯಲ್ಲೊಬ್ಬರು ನರ್ಸಮ್ಮ ಇದ್ದರು. ಹದಿಹರೆಯದ ಮಕ್ಕಳ ತಂದೆತಾಯಿಗಳಿಗಾಗಿ ನಾಲ್ಕು ಶನಿವಾರ ತರಗತಿ ನಡೆಸುತ್ತೇನೆ ಎಂದು ಅವರು ಚೀಟಿ ಕಳಿಸಿದರು. ಮಕ್ಕಳ ದೇಹ ಹೇಗೆ ಬದಲಾಗುತ್ತದೆ, ಅವರು ಯಾರನ್ನಾದರೂ ಇಷ್ಟಪಟ್ಟರೆ ಮನೆಯಲ್ಲಿ ಏನು ಮಾತಾಡಬೇಕು, ಪ್ರೀತಿಯ ಹೆಸರಿನಲ್ಲಿ ಹಿಂಸೆ ನಡೆಯುತ್ತಿದ್ದರೆ ಗುರುತಿಸುವುದು ಹೇಗೆ, ಇಷ್ಟೇ ವಿಷಯ. ಗಮನಿಸಿ, ತರಗತಿ ಮಕ್ಕಳಿಗಲ್ಲ, ನಮಗೆ. ನಾವು ಕೆರಳಿದೆವು. ನಾನು ಡ್ರೈವಿಂಗ್ ಸ್ಕೂಲ್ ನಡೆಸುವವನು. ಒಬ್ಬ ಗೃಹಿಣಿಗೆ ಗಾಡಿ ಹಿಂದಕ್ಕೆ ತೆಗೆಯುವುದನ್ನು ಕಲಿಸುತ್ತಿದ್ದಾಗ ಔಷಧಿ ಅಂಗಡಿಯವರು ವಿರೋಧದ ಅರ್ಜಿ ಹಿಡಿದು ಬಂದರು. ಬಾನೆಟ್ ಮೇಲಿಟ್ಟು, ಓದದೆ, ಎಲ್ಲರಿಗಿಂತ ಮೊದಲು ಸಹಿ ಹಾಕಿದೆ. ಮೇಲಿಂದ ಒಂದು ಭಾಷಣವನ್ನೂ ಬಿಗಿದೆ: "ಇವನ್ನೆಲ್ಲ ಹೇಳ್ಕೊಡೋಕೆ ಆಯಮ್ಮ ಯಾರ್ರೀ? ನಮಗೆ ಯಾರು ಹೇಳ್ಕೊಟ್ಟಿದ್ರು? ನಾವೇನು ಕೆಟ್ಟೋದ್ವಾ?"

ಶಾಲೆಯ ಚಾವಣಿ ಸೋರುತ್ತಿದೆ ಎಂಬ ಅರ್ಜಿಗೆ ಮೂರು ವರ್ಷದಿಂದ ಉತ್ತರ ಕೊಡದ ತಮ್ಮ ಕಚೇರಿ ನಮ್ಮ ಈ ಅರ್ಜಿಗೆ ಎರಡೇ ದಿನದಲ್ಲಿ ತಲೆಬಾಗಿತು. 'ಪೋಷಕರ ಭಾವನೆಗಳನ್ನು ಗೌರವಿಸಿ' ತರಗತಿ ರದ್ದು. ನರ್ಸಮ್ಮನನ್ನು ಪಠ್ಯಪುಸ್ತಕದ ಗೋದಾಮಿಗೆ ಎತ್ತಂಗಡಿ ಮಾಡಿದಿರಿ. ಪುಸ್ತಕಗಳಿಗೆ ಜ್ವರ ಬಂದರೆ ನೋಡಿಕೊಳ್ಳಲಿ ಎಂದಿರಬೇಕು. ಅವತ್ತು ನಾನು ತಮ್ಮನ್ನು ಬಾಯ್ತುಂಬ ಹೊಗಳಿದ್ದೆ. ಆ ಹೊಗಳಿಕೆಯನ್ನು ಈಗ ಹಿಂದಕ್ಕೆ ಪಡೆಯುತ್ತಿದ್ದೇನೆ, ಸ್ವೀಕೃತಿ ಪತ್ರ ಕಳಿಸುವ ಅಗತ್ಯವಿಲ್ಲ.

ಇನ್ನು ನನ್ನ ಮಗ. ನನ್ನ ಡ್ರೈವಿಂಗ್ ಸ್ಕೂಲಿನ ಎದುರಿಗೇ ಬಟ್ಟೆ ಹೊಲಿಯುವ ಟೈಲರಮ್ಮನ ಮಗಳು ಅವನ ತರಗತಿಯವಳು. ಇಬ್ಬರಿಗೂ ಇಷ್ಟವಿತ್ತು, ಮೊದಮೊದಲು. ಆಮೇಲೆ ಅವಳು ಯಾರ ಪಕ್ಕ ಕೂರಬೇಕು, ಯಾರ ಜೊತೆ ನಗಬೇಕು ಎಂಬುದನ್ನೆಲ್ಲ ಇವನೇ ತೀರ್ಮಾನಿಸತೊಡಗಿದ. ಅವಳ ಫೋನಿನ ಪಾಸ್‌ವರ್ಡ್ ಇವನ ಬಳಿ. ಇದನ್ನು ಮೊದಲು ಕಂಡವಳು ನನ್ನ ಹೆಂಡತಿ. "ರೀ, ಆ ಹುಡುಗಿ ಎಲ್ಲಿದಾಳೆ ಅಂತ ಗಳಿಗೆಗೊಂದ್ಸಲ ಕೇಳ್ತಾನೆ. ಅವಳು ಫೋಟೋ ತೆಗೆದು ಕಳಿಸಿ ತೋರಿಸಬೇಕಂತೆ. ನನಗ್ಯಾಕೋ ಸರಿ ಕಾಣ್ತಿಲ್ಲ," ಎಂದಳು. ನಾನು ನಕ್ಕೆ. "ಇಷ್ಟ ಇರೋದಕ್ಕೇ ಕೇಳ್ತಾನೆ ಕಣೇ. ಗಂಡುಹುಡುಗ," ಎಂದೆ. ಅವತ್ತು ಊಟಕ್ಕೆ ನನ್ನ ಭಾಮೈದನೂ ಇದ್ದ. "ಆ ಹುಡುಗಿ ಏನಂತಾಳೋ?" ಎಂದು ಮಗನನ್ನು ಛೇಡಿಸಿದ. "ಈಗೀಗ ಬೇಡ ಅಂತಿದಾಳೆ," ಎಂದ ಮಗ, ತಟ್ಟೆಯಿಂದ ತಲೆ ಎತ್ತದೆ. ನಾನು ಮೀಸೆ ಒರೆಸಿಕೊಂಡು ಹೇಳಿದೆ, "ನಿಮ್ಮಮ್ಮ ನನಗೆ ಮೂರು ಸಲ ಬೇಡ ಅಂದಿದ್ಲು. ಬಿಟ್ನಾ ನಾನು?" ಭಾಮೈದ ಹೊಟ್ಟೆ ಹಿಡಿದುಕೊಂಡು ನಕ್ಕ, ಮಗನೂ ನಕ್ಕ. ಹೆಂಡತಿ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ನನ್ನ ಬಳಿ ಬರುವ ಪ್ರತಿಯೊಬ್ಬರಿಗೂ ಮೊದಲ ದಿನ ನಾನು ತೋರಿಸುವುದು ಬ್ರೇಕ್ ಎಲ್ಲಿದೆ ಎಂಬುದನ್ನು. ಮಗನಿಗೆ ನಾನು ಕೊಟ್ಟ ಏಕೈಕ ಪಾಠ ಮೇಲಿನದು.

ಹತ್ತು ದಿನ ಕಳೆದಿರಬೇಕು. ಪ್ರಯೋಗಾಲಯದ ಪಕ್ಕದ ಮೆಟ್ಟಿಲ ಮೇಲೆ ಆ ಹುಡುಗಿ ಇವನನ್ನು ನಿಲ್ಲಿಸಿ, ಇನ್ನು ಸಾಕು, ನನ್ನ ಪಾಡಿಗೆ ನನ್ನನ್ನು ಬಿಡು ಎಂದಳು. ಇವನು ಫೋನ್ ಕೊಡು ಎಂದ. ಕೊಡಲ್ಲ ಎಂದಳು. ಕೈ ಹಿಡಿದು ತಿರುಚಿದ. ಕೆಳಗೆ ನಿಂತಿದ್ದ ನಾಲ್ಕು ಮಕ್ಕಳಿಗೆ ಮೂಳೆಯ ಸದ್ದು ಕೇಳಿಸಿತು. ತಮ್ಮ ಕಚೇರಿಗೆ ಮಾತ್ರ ಕೇಳಿಸಲಿಲ್ಲ.

ಮಾರನೇ ದಿನ ತಮ್ಮ ಕಚೇರಿಯ ಅಧೀಕ್ಷಕರು ನನ್ನ ಸ್ಕೂಲಿಗೆ ದಯಮಾಡಿಸಿದರು. ಕೈಯಲ್ಲಿ ಟೈಪು ಮಾಡಿದ ಹಾಳೆ: 'ವಿದ್ಯಾರ್ಥಿನಿಯು ಮೆಟ್ಟಿಲಿನಿಂದ ಜಾರಿ ಬಿದ್ದಿರುತ್ತಾಳೆ.' ತಿಪ್ಪೆ ಸಾರಿಸುವುದರಲ್ಲಿ ತಮ್ಮ ಇಲಾಖೆಯ ಕೈ ಎಷ್ಟು ಪಳಗಿದೆ ಎಂದು ಅವತ್ತು ಕಣ್ಣಾರೆ ಕಂಡೆ.

"ಇಬ್ಬರು ಪೋಷಕರೂ ಒಂದು ಸಹಿ ಹಾಕ್ಬಿಡಿ ಸಾರ್. ಹುಡುಗನ ಭವಿಷ್ಯದ ಪ್ರಶ್ನೆ," ಎಂದರು.

"ಆ ಹುಡುಗಿದು?"

"ಅವಳನ್ನ ಬೇರೆ ಶಾಲೆಗೆ ಹಾಕಿಸ್ತೀವಲ್ಲ ಸಾರ್. ಅವಳ ಹಿತಕ್ಕೇ."

ನಾನು ಸಾಚಾ ಎಂದು ಹೇಳಿಕೊಳ್ಳಲು ಈ ಪತ್ರ ಬರೆಯುತ್ತಿಲ್ಲ. ಆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ರಸ್ತೆ ದಾಟಿದೆ, ಟೈಲರಮ್ಮನ ಸಹಿಯನ್ನೂ ನಾನೇ ಕೇಳೋಣವೆಂದು. ಆಕೆ ಹೊಲಿಗೆ ನಿಲ್ಲಿಸಲಿಲ್ಲ, ಕೂರಿ ಎನ್ನಲಿಲ್ಲ. ಹುಡುಗಿ ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಲ್ಲಿ ಬಟ್ಟೆಯ ನೂಲು ಬಿಡಿಸುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳೇ ಕೇಳಿದಳು.

"ಅಂಕಲ್, ನಾನು ಬೇಡ ಅಂದಾಗ ಅವನು ನಕ್ಕ. ಕೋಪ ಮಾಡ್ಕೊಂಡಿದ್ರೆ ಅರ್ಥ ಆಗ್ತಿತ್ತು. ನಕ್ಕಿದ್ದು ಯಾಕೆ? ನಿಮಗೆ ಗೊತ್ತಾ?"

ನನಗೆ ಗೊತ್ತಿತ್ತು, ನಿರ್ದೇಶಕರೇ. ಆ ನಗು ಯಾರ ಮನೆಯ ಊಟದ ಮೇಜಿನಿಂದ ಎದ್ದು ಬಂತೆಂದು ನನಗೊಬ್ಬನಿಗೆ ಗೊತ್ತಿತ್ತು. ಹಾಳೆ ಜೇಬಿನಿಂದ ಹೊರಬರಲಿಲ್ಲ. ಮನೆಗೆ ಹೋಗಿ ಮಗನನ್ನು ಕೇಳಿದೆ, ಯಾಕೋ ಹೀಗೆ ಮಾಡಿದೆ ಎಂದು. "ನೀನು ಅಮ್ಮನ್ನ ಬಿಟ್ಯಾ?" ಎಂದ. ಅವನು ದುಷ್ಟನಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಹೇಳಿದ್ದನ್ನು ಕೇಳುವ ಹುಡುಗ.

ಮರುದಿನ ಟೈಲರಮ್ಮ ದೂರು ಕೊಟ್ಟರು. ಠಾಣೆಗೆ ಹೋಗಿ ನಡೆದದ್ದನ್ನು, ಊಟದ ಮೇಜಿನ ಮಾತೂ ಸೇರಿದಂತೆ, ನಾನೂ ಬರೆದುಕೊಟ್ಟೆ. ಮಗ ಈಗ ಬಾಲ ನ್ಯಾಯಮಂಡಳಿಯ ಮುಂದೆ ನಿಲ್ಲಬೇಕು. ನನ್ನೊಡನೆ ಮಾತು ಬಿಟ್ಟಿದ್ದಾನೆ. ಸ್ವಂತ ಮಗನ ಕತ್ತು ಹಿಸುಕಿದವನು ಎಂದು ಭಾಮೈದ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ತಾವಂತೂ 'ಜಾರಿ ಬಿದ್ದ' ಹಾಳೆಗೆ ಸಹಿ ಸಿಗದೆ ಕಡತದಲ್ಲಿ 'ಮನಸ್ತಾಪ' ಎಂದು ಬರೆದು, ಆ ಹುಡುಗಿಯನ್ನು ವರ್ಗಾಯಿಸಿ ಕೈ ತೊಳೆದುಕೊಂಡಿರಿ. ಮುರಿದ ಕೈಯಲ್ಲಿ ಚೀಲ ಹೊತ್ತುಕೊಂಡು ಎರಡು ಬಸ್ಸು ಬದಲಾಯಿಸುವುದು ಅವಳ ಹಿತಕ್ಕೆ!

ನನ್ನ ಸ್ಕೂಲಿನಲ್ಲೇ ಆ ತರಗತಿ ನಡೆಸಿಕೊಡಿ ಎಂದು ಕೇಳಲು ನಾನು ಗೋದಾಮಿಗೆ ಹೋಗಿ ನರ್ಸಮ್ಮನನ್ನು ಕಂಡೆ. ಪುಸ್ತಕದ ಕಟ್ಟುಗಳ ನಡುವೆ ಕೂತಿದ್ದರು.

"ಮೊದಲ ಸಹಿ ನಿಮ್ಮದೇ ಅಲ್ವಾ? ಓದಿದ್ರಾ?"

"ಇಲ್ಲ ಮೇಡಂ."

"ಸದ್ಯ. ಓದಿ ಹಾಕಿದ್ರೆ ನಾನು ಬರ್ತಿರಲಿಲ್ಲ. ಶನಿವಾರ ಜನ ಸೇರಿಸಿ."

ನನ್ನ ಸ್ಕೂಲಿನ ಕೋಣೆಯಲ್ಲಿ, ರಸ್ತೆ ಚಿಹ್ನೆಗಳ ಪಟದ ಕೆಳಗೆ, ನನ್ನ ಹೆಂಡತಿಯೂ ಸೇರಿ ಏಳು ಜನ ಕೂತೆವು. ನಮ್ಮಲ್ಲಿ ನಾಲ್ವರು ಅರ್ಜಿಗೆ ಸಹಿ ಹಾಕಿದವರು. ಔಷಧಿ ಅಂಗಡಿಯವರೂ ಬಂದಿದ್ದರು. ಮುಟ್ಟಿನ ಪ್ಯಾಡುಗಳನ್ನು ದಿನವಿಡೀ ಕಾಗದ ಸುತ್ತಿ ಮಾರುವ ಅವರಿಗೆ 'ಮುಟ್ಟು' ಎಂಬ ಎರಡಕ್ಷರ ಹೇಳಲು ಎರಡು ಲೋಟ ನೀರು ಬೇಕಾಯಿತು. ಆಮೇಲೆ ನರ್ಸಮ್ಮ ಒಂದೇ ಪ್ರಶ್ನೆ ಕೊಟ್ಟು, ಚೀಟಿಯಲ್ಲಿ ಉತ್ತರ ಬರೆಯಿರಿ ಎಂದರು: ಒಬ್ಬ ಹುಡುಗ ನನ್ನನ್ನು ಹೆದರಿಸುತ್ತಿದ್ದಾನೆ ಎಂದು ನಿಮ್ಮ ಮಗಳು ಹೇಳಿದರೆ ನಿಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು? ಅವರು ಚೀಟಿಗಳನ್ನು ಓದಿದರು. ಅವನ ಜೊತೆ ನಿನಗೇನು ಕೆಲಸವಿತ್ತು. ಫೋನ್ ಕೊಡಿಲ್ಲಿ. ನೀನೇನು ಮಾಡಿದೆ. ಏಳರಲ್ಲಿ ಏಳೂ ಹೀಗೆ. "ಇದಕ್ಕೇ ಅವರು ನಿಮಗೆ ಹೇಳಲ್ಲ," ಎಂದರು ನರ್ಸಮ್ಮ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ನಡೆದು ಬರುವಾಗ ಹೆಂಡತಿ ನನ್ನ ಪಕ್ಕದಲ್ಲಿದ್ದಳು. "ನಾನು ನಿಜವಾಗ್ಲೂ ಬೇಡ ಅಂತಲೇ ಅಂದಿದ್ದೆ. ಮೂರು ಸಲಾನೂ," ಎಂದಳು. "ನೀವು ದಿನಾ ಆಫೀಸಿನ ಗೇಟಲ್ಲಿ ನಿಂತಿರ್ತಿದ್ರಿ. ಹೆದರಿಕೆ ಆಗೋದು. ಕೊನೆಗೆ ಸಾಕಾಗಿ ಹೂಂ ಅಂದೆ." ಹದಿನೆಂಟು ವರ್ಷದ ಸಂಸಾರ ನಮ್ಮದು. ಇದನ್ನು ಭಾವನೆಗಳ ಪಟ್ಟಿಯಲ್ಲಿ ಎಲ್ಲಿ ಸೇರಿಸುತ್ತೀರಿ?

ಈಗ ನನ್ನ ಬೇಡಿಕೆ. ನರ್ಸಮ್ಮನನ್ನು ಶಾಲೆಗೆ ವಾಪಸು ಕಳಿಸಿ. ತರಗತಿಗಳನ್ನು ಎಲ್ಲ ಶಾಲೆಗಳಲ್ಲಿ, ಎಲ್ಲ ತಂದೆತಾಯಿಗಳಿಗೂ ಶುರು ಮಾಡಿ. ನಾವು ಕೂಗಾಡುತ್ತೇವೆ, ಕೂಗಾಡಲು ಬಿಡಿ, ತಮಗೆ ಸಂಬಳವಿರುವುದು ಅದನ್ನು ಕೇಳಿಸಿಕೊಳ್ಳುವುದಕ್ಕೂ ಹೌದು. ಕಡತದಲ್ಲಿ 'ಮನಸ್ತಾಪ' ಹೊಡೆದುಹಾಕಿ 'ಹಿಂಸೆ' ಎಂದು ಬರೆಯಿರಿ. ಆ ಹುಡುಗಿಗೆ ಅವಳ ಶಾಲೆ ಬೇಕಾದರೆ ಕೊಡಿ, ಬೇರೆ ಶಾಲೆಗೆ ನನ್ನ ಮಗ ಹೋಗುತ್ತಾನೆ. ಅಧೀಕ್ಷಕರ ಹಾಳೆ ನನ್ನ ಬಳಿಯೇ ಇದೆ, ಮಂಡಳಿಯ ಮುಂದೆ ಇಡುತ್ತೇನೆ.

ಬರುವ ಶನಿವಾರ ಸಂಜೆ ಐದಕ್ಕೆ ಎರಡನೇ ತರಗತಿ. ತಮಗೂ ಹದಿಹರೆಯದ ಮಕ್ಕಳಿಬ್ಬರು ಇದ್ದಾರಂತೆ. ಕುರ್ಚಿ ಹಾಕಿಸಿರುತ್ತೇನೆ. ಟೈಲರಮ್ಮನೂ ಬರುತ್ತೇನೆ ಎಂದಿದ್ದಾರೆ, ನನ್ನ ಪಕ್ಕ ಮಾತ್ರ ಕೂರುವುದಿಲ್ಲವಂತೆ. ಅವರ ಪಕ್ಕದ ಕುರ್ಚಿ ಖಾಲಿಯಿದೆ. ಬಂದು ಕೂರಿ, ಧೈರ್ಯವಿದ್ದರೆ.

ಇಂತಿ, ತಮ್ಮ ಗೌರವ ಇನ್ನು ಬೇಡವಾದ,
ಮಗನಿಗಿಂತ ತಡವಾಗಿ ಪಾಠಕ್ಕೆ ಕೂತ ಒಬ್ಬ ಅಪ್ಪ