ನೇರಳೆ ಚಕ್ರಕ್ಕೆ ಹಸಿರು ಬಳಿಯಲಾರೆವು

ಟಾಲ್ಬೂನ್ ಟ್ರ್ಯಾಕಿನ ಬೇಲಿಗೆ ಮೊಣಕೈ ಊರಿ ನಿಲ್ಲುವ ಮಹಾಜನರೇ, ಧೂಳು ನುಂಗುತ್ತಲೇ ಚಪ್ಪಾಳೆ ತಟ್ಟುವ ಮಹಿಳೆಯರೇ, ಸಾಸೇಜ್ ಸುಡುವ ಸಜ್ಜನರೇ, ಮತ್ತು ಇವರೆಲ್ಲರ ತಲೆಯ ಮೇಲೆ ಗೋಪುರದಲ್ಲಿ ಬಾವುಟ ಹಿಡಿದು ಕುಳಿತಿರುವ ಮಾನ್ಯ ಮುಖ್ಯ ಪರಿಶೀಲಕರೇ,

ನಮ್ಮ ದೂರು ಚಿಕ್ಕದು. ನಮ್ಮದು ಹಸಿರು ತಂಡವೆಂದು ನೋಂದಣಿಯಾಗಿದೆ, ಆದರೆ ನಮ್ಮ ಸೈಡ್‌ಕಾರ್ ಬೈಕಿನಲ್ಲಿ ಹಸಿರು ಹುಡುಕಿದರೂ ಸಿಗುವುದಿಲ್ಲ. ಆದ್ದರಿಂದ ಅಡಿಯಿಂದ ಮುಡಿಯವರೆಗೆ ಹಸಿರು ಬಳಿಯದಿದ್ದರೆ ಶನಿವಾರದ ರೇಸಿಗೆ ಬಿಡುವುದಿಲ್ಲವೆಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಬಣ್ಣ ಬಳಿ, ಇಲ್ಲವೇ ಮನೆಗೆ ನಡಿ. ಪ್ರಾಸ ಚೆನ್ನಾಗಿದೆ, ನ್ಯಾಯ ಚೆನ್ನಾಗಿಲ್ಲ.

ಹಸಿರು ಎಲ್ಲಿ ಹೋಯಿತೆಂದು ತಮಗೆ ತಿಳಿಯದೇ? ಜನವರಿಯಲ್ಲಿ ಬೆಟ್ಟದ ಕಾಡು ಹೊತ್ತಿ ಬೆಂಕಿ ಕೆಳಗಿಳಿದಾಗ ನಮ್ಮ ಶೆಡ್ಡು, ಎರಡು ರೇಸು ಬೈಕು, ಟ್ರೇಲರು, ಸ್ಪ್ಯಾನರಿನಿಂದ ಹಿಡಿದು ಸಕಲ ಸಾಮಾನೂ ಹೋದವು. ಇಂಜಿನ್ನು ಕರಗಿ ನೆಲದ ಮೇಲೆ ಬೆಳ್ಳಿಯ ದೋಸೆಯಾಗಿತ್ತು. ನಮ್ಮ ತಂಡದ ಒಡತಿಯೂ ಸವಾರಳೂ ಆದ ನೊರೀನ್ ಟಕ್‌ವೆಲ್ ಈಗ ಅದನ್ನು ಬಾಗಿಲು ಬಡಿಯದಂತೆ ಒತ್ತಿಡಲು ಬಳಸುತ್ತಾರೆ. ನಾನವರನ್ನು ನೊರೀನಕ್ಕ ಎನ್ನುತ್ತೇನೆ. ಬೆಂಕಿ ಬಂದ ಆ ಗಡಿಬಿಡಿಯಲ್ಲಿ ಅವರು ನಾಯಿಯನ್ನು ಎತ್ತಿಕೊಂಡು, "ಮುಖ್ಯವಾದದ್ದು ಏನಿದೆಯೋ ತಗೊಂಡು ಓಡು" ಎಂದಿದ್ದರು. ನಾನು ಉಳಿಸಿಕೊಂಡು ಬಂದದ್ದು ಚಹಾ ಕಾಯಿಸುವ ಹಂಡೆ.

"ಟಿಪ್, ಅಷ್ಟೊಂದು ಸಾಮಾನಲ್ಲಿ ನಿನಗೆ ಕಂಡಿದ್ದು ಇದೇನಾ?"

"ಮುಖ್ಯವಾದದ್ದು ಅಂದ್ರಲ್ಲ ಅಕ್ಕಾ."

ಅವರು ಬೂದಿಯ ನಡುವೆ ನಿಂತು ನಕ್ಕರು. ಅಂದು ಸಂಜೆ ಅಕ್ಕಪಕ್ಕದವರೆಲ್ಲ ಆ ಹಂಡೆಯ ಚಹಾ ಕುಡಿದರು. ನನ್ನ ಆಯ್ಕೆಯ ಬಗ್ಗೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ.

ಬೈಕಿನ ಪಕ್ಕಕ್ಕೆ ಬೆಸೆದ ತೊಟ್ಟಿಲಲ್ಲಿ ಜೋತುಬಿದ್ದು, ತಿರುವಿನಲ್ಲಿ ಹೊರಗೆ ಬಾಗಿ, ಗಾಡಿ ಮಗುಚದಂತೆ ನೋಡಿಕೊಳ್ಳುವ ಜೀವಂತ ಭಾರವೇ ನಾನು. ವಾರದ ದಿನಗಳಲ್ಲಿ ಶಾಲೆಯ ಬಸ್ಸು ಓಡಿಸುತ್ತೇನೆ. ಅಲ್ಲಿ ಹೊರಗೆ ಬಾಗಿದವರನ್ನು ಬೈಯುತ್ತೇನೆ.

ಇನ್ನು ತಂಡ ಮುಗಿಯಿತೆಂದುಕೊಂಡಿದ್ದಾಗ ಐವರ್ ಪ್ಯಾಸ್ಕೋ ಬಂದ. ಪ್ರತಿ ರೇಸಿನಲ್ಲೂ ನೊರೀನಕ್ಕನ ಜೊತೆ ಜಗಳ ತೆಗೆಯುವ ಎದುರಾಳಿ. ಟ್ರಕ್ಕಿನಿಂದ ತನ್ನ ಹಳದಿ ಫ್ರೇಮು ಇಳಿಸಿ, "ತಗೋ. ಇದ್ರಲ್ಲಿ ಸೋತ್ರೆ ತಪ್ಪನ್ನ ಬೆಂಕಿ ಮೇಲೆ ಹಾಕ್ಬೇಡ" ಅಂದ.

"ನಿನ್ನ ಫ್ರೇಮ್ ಮೇಲೇ ಕೂತು ನಿನ್ನನ್ನ ಹಿಂದೆ ಹಾಕ್ತೀನಲ್ಲ, ಅವತ್ತು ನಿನ್ನ ಮುಖ ನೋಡ್ಬೇಕು."

"ನೀನು ನನ್ನ ಹಿಂದೆ ಬರ್ತಿರ್ತೀಯಲ್ಲ ನೊರೀನ್, ಮುಖ ಹೆಂಗೆ ನೋಡ್ತೀಯ? ಬೆನ್ನು ನೋಡ್ಬೇಕಷ್ಟೆ."

ಮರುದಿನ ಇನ್ನೊಂದು ರೇಸು ತಂಡದ ಲಿಂಡ್‌ಕ್ವಿಸ್ಟ್ ಸೋದರಿಯರಿಂದ ಇಂಜಿನ್ನು ಮತ್ತು ಗುಲಾಬಿ ಟ್ಯಾಂಕು ಬಂದವು. ಅಗ್ನಿಶಾಮಕ ದಳದ ಹುಡುಗರು ಕೆಂಪು ತೊಟ್ಟಿಲು ತಂದರು. ಮುಂದಿನ ಚಕ್ರ ಮಾತ್ರ ಒಂದು ಬೆಳಿಗ್ಗೆ ನಮ್ಮ ಗೇಟಿಗೆ ಒರಗಿ ನಿಂತಿತ್ತು: ನೇರಳೆ ಬಣ್ಣ, ಚೀಟಿಯಿಲ್ಲ, ಹೆಸರಿಲ್ಲ. ಯಾವ ಪುಣ್ಯಾತ್ಮನದೋ.

ಇವುಗಳಿಗೆ ಹಸಿರು ಬಳಿಯಬೇಕೆನ್ನುತ್ತೀರಿ. ಈ ಸೀಮೆಯ ರೇಸಿನವರ ನಡೆ ತಮಗೆ ಮರೆತುಹೋಯಿತೇ? ಕಡ ತಂದ ಭಾಗಕ್ಕೆ ಯಾರೂ ಬಣ್ಣ ಹಚ್ಚುವುದಿಲ್ಲ. ಹಚ್ಚಿದರೆ ಇನ್ನು ನಿನಗಿಲ್ಲ, ನನ್ನದಾಯಿತು ಎಂದಂತೆ. ಕೊಟ್ಟವನ ಬಣ್ಣದಲ್ಲೇ ಓಡಿಸಿ, ಕೊಟ್ಟವನ ಬಣ್ಣದಲ್ಲೇ ಹಿಂತಿರುಗಿಸಬೇಕು. ಶೆಡ್ಡು ಸುಟ್ಟುಹೋದವರಿಗೆ, ಕೈಹಿಡಿದವರನ್ನೇ ಅಳಿಸಿಹಾಕಿ ಎನ್ನುವ ನಿಯಮ ಯಾವ ಸೀಮೆಯದು?

ಸುತ್ತು ಎಣಿಸುವವರಿಗೆ ಗುರುತು ಸಿಗುವುದಿಲ್ಲ ಎಂಬುದು ತಮ್ಮ ಕಾರಣ. ಮಾನ್ಯರೇ, ಮೈದಾನದಲ್ಲಿ ಹಳದಿ, ಗುಲಾಬಿ, ಕೆಂಪು, ನೇರಳೆ ಒಟ್ಟಿಗೆ ಹೊತ್ತ ಗಾಡಿ ಇದೊಂದೇ. ಇದು ಕಾಣದ ಕಣ್ಣಿಗೆ ಹಸಿರು ಕಂಡೀತೇ? ಹಸಿರು ನೋಡುವ ಆಸೆ ಈ ವರ್ಷ ಊರಿನಲ್ಲಿ ಎಲ್ಲರಿಗೂ ಇದೆ, ಒಪ್ಪುತ್ತೇನೆ. ಅದಕ್ಕೆ ಮಳೆ ಬರಬೇಕು, ಡಬ್ಬಿಯ ಬಣ್ಣವಲ್ಲ.

ತಮ್ಮ ಅಪ್ಪಣೆ ಓದಿದ ನೊರೀನಕ್ಕ ಜಗಳವಾಡಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. "ಶನಿವಾರ ಓಡಿದ್ರೆ ಭಾನುವಾರ ಹೊಸ ಶೆಡ್ಡಿಗೆ ಗುಂಡಿ ತೋಡೋಣ. ಇಲ್ಲಾಂದ್ರೆ ಜಾಗ ಮಾರಿ ಸಮುದ್ರದ ಕಡೆ ತಂಗಿ ಮನೆಗೆ ಹೋಗ್ಬಿಡ್ತೀನಿ, ಟಿಪ್. ಬಣ್ಣ ಮಾತ್ರ ಹಚ್ಚಲ್ಲ" ಅಂದರು. ಬೆಂಕಿಗೆ ಸೋಲದವರು ಬ್ರಶ್ಶಿಗೆ ಸೋತರೆ ಅದನ್ನು ಯಾವ ಪುಸ್ತಕದಲ್ಲಿ ಬರೆದಿಡುತ್ತೀರಿ?

ಆದ್ದರಿಂದ ನಮ್ಮ ಬೇಡಿಕೆ ಒಂದೇ: ಇದ್ದ ಬಣ್ಣದಲ್ಲಿ ಇದ್ದ ಹಾಗೆ ಬಿಡಿ. ಬಳಿಯಲೇಬೇಕೆಂದರೆ ತಾವೇ ಬನ್ನಿ. ಬ್ರಶ್ಶು ಕೊಡುತ್ತೇವೆ, ಹಂಡೆಯಲ್ಲಿ ಚಹಾ ಇರುತ್ತದೆ. ಮುಂದಿನ ಚಕ್ರದಿಂದ ಶುರುಮಾಡಿ.

ಯಾಕೆಂದರೆ ಅದು ನಿಮ್ಮದು. ಯಾವ ಪುಣ್ಯಾತ್ಮನದೋ ಎಂದದ್ದು ಬರೀ ನಾಟಕ. ನೀವು ರೇಸು ಓಡುತ್ತಿದ್ದಾಗ ನಿಮ್ಮ ಗಾಡಿಯ ಬಣ್ಣ ಅದೇ; ನೀವು ಓಡುವುದು ಬಿಟ್ಟ ಮೇಲೆ ಆ ನೇರಳೆಯನ್ನು ಇಲ್ಲಿ ಯಾರೂ ಬಳಿದಿಲ್ಲ. ಗೇಟಿನ ಹತ್ತಿರ ಚಕ್ರ ನೋಡಿದವರೇ ನೊರೀನಕ್ಕ, "ಬಾಯಿಬಿಡ್ಬೇಡ, ಪಾಪ, ನಾಚ್ಕೊಂಡು ಇಟ್ಟು ಹೋಗಿದಾನೆ" ಅಂದರು. ಇದನ್ನು ನಾನು ಊರಿಗೆಲ್ಲ ಹೇಳಿದೆನೆಂದು ದಯವಿಟ್ಟು ಅವರಿಗೆ ತಿಳಿಸಬೇಡಿ.

ಇಂತಿ,
ಶನಿವಾರ ಜೋತಾಡುವುದೋ ಬೇಲಿಗೆ ಒರಗುವುದೋ ತಿಳಿಯದ
ತಿಪ್ಪೇಸ್ವಾಮಿ, ಊರಿನವರ ಬಾಯಲ್ಲಿ ಟಿಪ್